ಕೊಡದೆ ಉಳಿದ ಕಣ್ಣು

ಎಡ ಅಂಗೈಯ ಇಷ್ಟಲಿಂಗದ ಮೇಲೆ ಕೂತಿದ್ದ ವಿಭೂತಿಯ ಒಂದೊಂದು ಕಣವೂ ನೇಸರಗಿಯ ಸೋಮಪ್ಪನಿಗೆ ಈ ಬೆಳಿಗ್ಗೆ ಕಂಡಿತು. ಅಪ್ಪನಿಂದ ಬಂದ ಬೇನೆ ಕಣ್ಣಿನ ಪಾರದರ್ಶಕ ಪದರವನ್ನು ಮಂಜಾಗಿಸಿದ್ದರಿಂದ ಹನ್ನೆರಡು ವರ್ಷ ಅವನು ಲಿಂಗವನ್ನು ಬೆರಳಿನಿಂದಷ್ಟೇ ತಿಳಿದು ಪೂಜಿಸಿದ್ದ. ಸತ್ತವರಾರದೋ ಕಣ್ಣಿನ ಪದರವನ್ನು ಅವನ ಬಲಗಣ್ಣಿಗೆ ಹೊಲಿದು ಕೆಲವು ತಿಂಗಳಾಗಿದ್ದವು. ಹೊಸ ಚಷ್ಮಾ ನಿನ್ನೆ ಬಂದಿತ್ತು.

"ಲಿಂಗಪ್ಪ ಕಾಣತಾನೇನ್ರಿ, ಯಪ್ಪಾ?" ಮಗಳು ನೀಲವ್ವ ಕೇಳಿದಳು.

"ಕಾಣತಾನವ್ವಾ. ನೀ ಪಡಸಾಲಿ ಕಸಾ ಅರ್ಧಾ ಹೊಡದದ್ದೂ ಕಾಣತೈತಿ."

ನಗುತ್ತ ಅವಳು ಹತ್ತಿರ ಬಂದು ಕುಳಿತಳು. ಅವಳ ಕಣ್ಣಲ್ಲೂ ಅದೇ ಮಂಜು ಮೂಡುತ್ತಿರುವುದು ಅವನಿಗೆ ಸ್ಪಷ್ಟವಾಗಿ ಕಂಡಿತು. "ನನ್ನ ಪಾಳಿ ಬಂದಾಗ ನನಗೂ ಯಾರರ ಕೊಡ್ತಾರಲ್ರಿ?" ಎಂದಳು.

ಸೋಮಪ್ಪ ಕಣ್ಣು ಬಿಗಿಯಾಗಿ ಮುಚ್ಚಿದ. ಹೋದ ವರ್ಷ ಹೆಂಡತಿ ಗುರುಬಸವ್ವ ತೀರಿದಾಗ, ಅವಳು ದಾನವೆಂದು ಬರೆದುಕೊಟ್ಟಿದ್ದ ಕಣ್ಣುಗಳನ್ನು ಒಯ್ಯಲು ಬಂದ ಡಾಕ್ಟರನ್ನು ಅವನೇ ಬಾಗಿಲಿನಿಂದ ಮರಳಿ ಕಳಿಸಿದ್ದ. "ಸತ್ತವರ ಅಂಗೈಯಾಗ ಲಿಂಗಾ ಕೊಟ್ಟು ಮಣ್ಣಾಗ ಕುಂಡ್ರಸೋರು ನಾವು. ಕಣ್ಣಿಲ್ಲದ ಅಕಿ ಲಿಂಗಾ ಹ್ಯಾಂಗ ನೋಡಬೇಕ್ರಿ?" ಎಂದಿದ್ದ. ಈ ಮನೆಯಲ್ಲಿ ಬೇನೆಯಿಲ್ಲದ, ಇನ್ನೊಬ್ಬರಿಗೆ ಕೊಡಲು ಬರುವಂಥ ಕಣ್ಣೆಂದರೆ ಅವಳವು ಮಾತ್ರ.

"ಯಾಕ್ರಿ ಯಪ್ಪಾ, ಚುಚ್ಚಾಕತ್ತೈತೇನು?"

ಅವನು ಚಷ್ಮಾ ತೆಗೆದಿಟ್ಟು, ಬಲಗೈಯಿಂದ ಹೊಸ ಕಣ್ಣನ್ನು ಮುಚ್ಚಿಕೊಂಡು, ಹಳೆಯ ಮಂಜುಗಣ್ಣನ್ನು ಲಿಂಗದ ಕಡೆಗೆ ತಿರುಗಿಸಿದ.