ಎಚ್ಚರವಾಗುವ ತನಕ

“ನಿಲ್ಲಿಸಲ್ಲ, ಹಾಗೇ ಹತ್ತು!” ಎಂದು ಅವನು ಕಿಟಕಿಯಿಂದ ಪಿಸುಗುಟ್ಟಿದ. ಕಾರು ಆಮೆಯ ಹಾಗೆ ಸಾಗುತ್ತಲೇ ಇತ್ತು. ತನ್ನ ಕಾರನ್ನು ಒಳಗೆ ನಿಲ್ಲಿಸಿ ಪಾರ್ಕಿಂಗ್ ಜಾಗದ ಬಾಗಿಲಲ್ಲಿ ಕಾದು ನಿಂತಿದ್ದವಳು ಸಿಡುಕಲು ಬಾಯಿ ತೆರೆದಳು. ಹಿಂದಿನ ಸೀಟಿನಲ್ಲಿ ಮುದುಡಿ ಮಲಗಿದ್ದ ಮಗಳನ್ನು ನೋಡಿ ಸುಮ್ಮನಾದಳು. ಗಾಡಿ ನಿಂತರೆ ಸಾಕು, ಮಗುವಿಗೆ ಎಚ್ಚರವಾಗಿಬಿಡುತ್ತದೆ. ಕೂಸಾಗಿದ್ದಾಗಿನಿಂದ ಇದೇ ಚಾಳಿ. ಅವಳು ಕೈಚೀಲವನ್ನು ಕಂಕುಳಿಗೆ ಸಿಕ್ಕಿಸಿಕೊಂಡು, ಹೊರಟ ಬಸ್ಸಿಗೆ ಓಡುವವರಂತೆ ನಾಲ್ಕು ಹೆಜ್ಜೆ ಓಡಿ, ಮುಂದಿನ ಬಾಗಿಲು ತೆರೆದು ಒಳಗೆ ಕೂತಳು. ಗಂಡನಿಂದ ಬೇರೆಯಾದ ಮೇಲೆ ಆ ಸೀಟಿನಲ್ಲಿ ಕೂತದ್ದು ಇದೇ ಮೊದಲು.

ಈ ಹೆದ್ದಾರಿಯ ಉಳಿದ ವಿಶ್ರಾಂತಿ ತಾಣಗಳೆಲ್ಲ ರಸ್ತೆಯ ಅಂಚಿಗೇ ಅಂಟಿಕೊಂಡಿವೆ. ಹೋಗುವವರಿಗೊಂದು, ಬರುವವರಿಗೊಂದು, ನಡುವಿನ ಗೋಡೆ ದಾಟುವಂತಿಲ್ಲ. ಇದೊಂದು ಮಾತ್ರ ಮೇಲ್ಸೇತುವೆಯ ಬುಡದಲ್ಲಿ, ರಸ್ತೆಗಳು ಕೂಡುವ ಕಡೆ ಇದೆ. ಎರಡೂ ದಿಕ್ಕಿನವರು ಇಲ್ಲಿಗೆ ಇಳಿದು ಬರಬಹುದು, ದೊಡ್ಡ ವೃತ್ತವನ್ನು ಬಳಸಿ ಯಾವ ದಿಕ್ಕಿಗೆ ಬೇಕಾದರೂ ಹತ್ತಿ ಹೋಗಬಹುದು. ಶನಿವಾರ ಅಪ್ಪನ ಕೈಗೆ, ಭಾನುವಾರ ಅಮ್ಮನ ಕೈಗೆ ಮಗಳನ್ನು ದಾಟಿಸಲು ಇದಕ್ಕಿಂತ ಒಳ್ಳೆಯ ಜಾಗವಿಲ್ಲ ಎಂದು ಇಬ್ಬರೂ ಒಪ್ಪಿದ್ದರು. ಇಬ್ಬರೂ ಒಪ್ಪಿದ ಕೊನೆಯ ಸಂಗತಿ ಅದು.

ಅವಳು ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವವಳು, ಅವನು ಕನ್ನಡಕದ ಅಂಗಡಿಯವನು. ಮೂಳೆಯೊಳಗಿನ ಬಿರುಕು ಕಾಣುವವಳಿಗೆ ಗಂಡನ ಮನಸ್ಸು ಕಾಣಲಿಲ್ಲ, ಊರಿಗೆಲ್ಲ ದೃಷ್ಟಿ ಕೊಟ್ಟವನಿಗೆ ಹೆಂಡತಿಯೇ ಕಾಣಲಿಲ್ಲ ಎಂದು ನೆಂಟರು ಆಡಿಕೊಂಡು ನಕ್ಕದ್ದೂ ಹಳೆಯದಾಯಿತು. ಈಗ ಅವಳಿಗೆ ದೂರದ ಊರಿಗೆ ವರ್ಗವಾಗಿದೆ. ನಾಳೆ ಸಾಮಾನು ಕಟ್ಟುವುದು, ನಾಳಿದ್ದು ಮಗಳನ್ನೂ ಕರೆದುಕೊಂಡು ಹೊರಡುವುದು. ಅಪ್ಪ ಇನ್ನು ಬೇಸಿಗೆ ರಜೆಗೆ ಮಾತ್ರ.

“ಹೇಳಿದ್ಯಾ ಅವಳಿಗೆ?” ಎಂದು ಕೇಳಿದಳು.

“ಏನನ್ನ?”

“ಏನನ್ನ ಅಂತೆ! ಊರು ಬಿಡೋ ವಿಷಯ.”

“ನೀನು ಹೇಳಿರ್ತೀಯ ಅಂದ್ಕೊಂಡೆ.”

“ಎರಡು ದಿನ ನಿನ್ನ ಹತ್ರ ತಾನೇ ಇದ್ದಿದ್ದು?”

“ವರ್ಗ ಆಗಿರೋದು ನಿಂಗೆ ಕಣೇ, ನಂಗಲ್ಲ.”

ಒಟ್ಟಿಗಿದ್ದಾಗ ಇಂಥ ಮಾತಿಗೆ ಪಕ್ಕದ ಮನೆಯವರು ಟಿವಿಯ ಸದ್ದು ತಗ್ಗಿಸಿ ಕಿವಿಗೊಡುತ್ತಿದ್ದರು. ಆದರೆ ಪಿಸುಮಾತಿನಲ್ಲಿ ಜಗಳ ಆಡಿ ನೋಡಿ, ಆಗ ಗೊತ್ತಾಗುತ್ತದೆ. ಎಷ್ಟೇ ಹರಿತವಾದ ಮಾತೂ ತುಟಿ ದಾಟುವಷ್ಟರಲ್ಲಿ ಮೆತ್ತಗಾಗಿ, ಗುಟ್ಟು ಹೇಳಿದಂತೆ ಕೇಳಿಸುತ್ತದೆ. ‘ಕಣೇ’ ಎಂದು ಬಾಯಿತಪ್ಪಿ ಬಂದದ್ದು ಅವನ ಗಮನಕ್ಕೆ ಬರಲಿಲ್ಲ. ಅವಳ ಗಮನಕ್ಕೆ ಬಂತು, ಆದರೆ ತೋರಿಸಿಕೊಳ್ಳಲಿಲ್ಲ.

ಕಾರು ವೃತ್ತ ಸುತ್ತಿತು. ಮೇಲ್ಸೇತುವೆಯ ನೆರಳು ಮೂವರ ಮೇಲೂ ಹಾದುಹೋಯಿತು, ಆಮೇಲೆ ಬಿಸಿಲು, ಮತ್ತೆ ನೆರಳು. ತಲೆಯ ಮೇಲೆ ಎಲ್ಲೆಲ್ಲಿಗೋ ಧಾವಿಸುತ್ತಿದ್ದ ಲಾರಿಗಳ ಸದ್ದು, ಯಾರೋ ಪಕ್ಕದ ಕೋಣೆಯಲ್ಲಿ ಮಂಚ ಸರಿಸಿದಷ್ಟೇ ಕೇಳುತ್ತಿತ್ತು. ಅವನ ಊರಿನತ್ತ ತೋರಿಸುವ ಬಾಣದ ಗುರುತು ಬಂತು, ಹೋಯಿತು. ಅವಳ ಊರಿನದು ಬಂತು, ಅದೂ ಹೋಯಿತು. ಬೆಂಚಿನ ಮೇಲೆ ಮುಖಕ್ಕೆ ಟವೆಲ್ ಮುಚ್ಚಿ ಮಲಗಿದ್ದ ಲಾರಿ ಚಾಲಕ, ನಲ್ಲಿಯ ಕೆಳಗೆ ಕಾಲು ತೊಳೆಯುತ್ತಿದ್ದ ಹೆಂಗಸು, ಹುಲ್ಲಿನ ಮೇಲೆ ಆಕಳಿಸುತ್ತಿದ್ದ ನಾಯಿ, ಎಲ್ಲರೂ ಒಬ್ಬರ ಹಿಂದೊಬ್ಬರು ತೇಲಿ ಬಂದು ತೇಲಿ ಹೋಗುತ್ತಿದ್ದರು. ಕಾರು ನಿಂತಿದೆ, ಲೋಕವೇ ಸುತ್ತುತ್ತಿದೆ ಎನಿಸಿ ಅವಳಿಗೆ ಮಂಪರು ಹತ್ತಿತು. ಚಪ್ಪಲಿ ಬಿಟ್ಟು, ಮದುವೆಯಾದ ಹೊಸದರಲ್ಲಿ ಕೂರುತ್ತಿದ್ದಂತೆ ಕಾಲು ಮಡಚಿ ಸೀಟಿನ ಮೇಲೆ ಕೂತಳು. ಅವನಿಗೆ ಸಂತೋಷವಾಯಿತು. ಸಂತೋಷವಾದದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು.

ಟೀ ಅಂಗಡಿಯಾಕೆ ರಸ್ತೆಯ ಅಂಚಿಗೇ ಬಂದು ನಿಂತಳು. “ಏನಣ್ಣಾ, ದಾರಿ ತಪ್ಪಿತಾ? ಆಗ್ಲಿಂದ ಗಾಣದೆತ್ತಿನ ಥರ ಸುತ್ತುತಾನೇ ಇದೀರಲ್ಲ!”

ಅವನು ತುಟಿಯ ಮೇಲೆ ಬೆರಳಿಟ್ಟು ಹಿಂದಿನ ಸೀಟು ತೋರಿಸಿದ. ಆಕೆ ನಾಲಿಗೆ ಕಚ್ಚಿಕೊಂಡಳು. ಮುಂದಿನ ಸುತ್ತಿಗೆ ಎರಡು ಕಾಗದದ ಲೋಟ ಹಿಡಿದು ತಯಾರಾಗಿದ್ದಳು. ಕಾರಿನ ಜೊತೆಯಲ್ಲೇ ನಡೆಯುತ್ತ ಕಿಟಕಿಯಿಂದ ಒಳಗೆ ದಾಟಿಸಿದಳು. “ಮಲಗ್ಲಿ ಬಿಡಿ ಪಾಪ. ಎದ್ದ ಮೇಲೆ ಹೋಗೋದು ಇದ್ದೇ ಇದೆ,” ಎಂದಳು.

ಅವನ ಲೋಟವನ್ನೂ ಪಕ್ಕದಲ್ಲಿ ಕೂತಿದ್ದವಳೇ ಊದಿ ಆರಿಸಿ ಕೈಗಿತ್ತಳು. “ಎದ್ದ ಕೂಡ್ಲೇ ಹೇಳಿಬಿಡ್ಬೇಕು. ಇಬ್ರೂ ಸೇರಿ.”

“ಏನಂತ ಹೇಳೋದು? ಅಪ್ಪ ಇನ್ಮೇಲೆ ರಜಕ್ಕೆ ಮಾತ್ರ ಸಿಗ್ತಾನೆ ಅಂತಾನಾ?” ಅವನು ಲೋಟವನ್ನು ಕುಡಿಯದೆ ಅವಳ ಕೈಗೇ ಮರಳಿಸಿದ. “ಮುಂದಿನ ಶನಿವಾರ ಈಜು ಕಲಿಸ್ತೀಯಾ ಅಂತ ಬೆಳಿಗ್ಗೆ ಕೇಳಿದ್ಲು. ಹೂಂ ಅಂದೆ.”

“ಹೋಗೋಕೆ ನಂಗೇನು ಆಸೆನಾ? ಕೆಲ್ಸ ಬಿಡೋ ಹಾಗಿಲ್ವಲ್ಲೋ.”

ಕಾರು ಸುತ್ತುತ್ತಲೇ ಇತ್ತು. ಬಿಸಿಲು ಕಂದಿತು. ಮಲಗಿದ್ದ ಲಾರಿ ಚಾಲಕ ಯಾವಾಗಲೋ ಎದ್ದು ಹೋಗಿದ್ದ, ಬೆಂಚು ಖಾಲಿಯಾಗಿತ್ತು. ಇನ್ನೂ ತಡವಾದರೆ ಊರು ಮುಟ್ಟುವುದು ಕಷ್ಟವೆಂದು ಇಬ್ಬರಿಗೂ ಗೊತ್ತಿತ್ತು, ಬಾಯಿ ಬಿಡುವ ಧೈರ್ಯ ಯಾರಿಗೂ ಇರಲಿಲ್ಲ. ಕೊನೆಗೆ ಅವಳೇ, “ಸಾಕು, ನಿಲ್ಸು,” ಎಂದಳು. ಅವನು ವೃತ್ತದಿಂದ ಹೊರಳಿಸಿ, ಅವಳ ಕಾರಿನ ಪಕ್ಕಕ್ಕೆ ಬಂದು, ಬ್ರೇಕಿನ ಮೇಲೆ ಮೆಲ್ಲಗೆ ಕಾಲಿಟ್ಟ. ಇಬ್ಬರೂ ಒಟ್ಟಿಗೇ ಹಿಂದೆ ತಿರುಗಿದರು.

ಮಗಳು ಕಣ್ಣುಗಳನ್ನು ಗಟ್ಟಿಯಾಗಿ ಒತ್ತಿ ಮುಚ್ಚಿಕೊಂಡಿದ್ದಳು. ರೆಪ್ಪೆಯ ಅಂಚು, ಕೆನ್ನೆ, ಕೆಳಗಿನ ಸೀಟು ಎಲ್ಲ ಒದ್ದೆಯಾಗಿದ್ದವು.

“ನಂಗಿನ್ನೂ ಎಚ್ಚರ ಆಗಿಲ್ಲ ಅಪ್ಪಾ,” ಎಂದಳು. “ನಿಲ್ಲಿಸ್ಬೇಡ.”