ಶುಕ್ರವಾರ ಮುನಿಯುವ ಕಾರು

ನರ್ಸ್ ಕೆಲಸದಿಂದ ನಿವೃತ್ತರಾದ ಸಿಸ್ಟರಮ್ಮನ ಹಳೇ ಕಾರು ವಾರವೆಲ್ಲ ಚೆನ್ನಾಗಿಯೇ ಸ್ಟಾರ್ಟ್ ಆಗುತ್ತಿತ್ತು. ಶುಕ್ರವಾರ ಬೆಳಿಗ್ಗೆ ಮಾತ್ರ ಕೆಮ್ಮಿ ಕೆಮ್ಮಿ ಸುಮ್ಮನಾಗುತ್ತಿತ್ತು. ಬಿಸಿಲೇರಿದ ಮೇಲೆ ಮತ್ತೆ ತಾನಾಗಿಯೇ ಸರಿ. ಮೆಕ್ಯಾನಿಕ್ ಪ್ಲಗ್ ಬದಲಾಯಿಸಿದ, ಕಾರ್ಬುರೇಟರ್ ಬಿಚ್ಚಿ ತೊಳೆದ. ಗ್ಯಾರೇಜಿನಲ್ಲೇ ಒಂದು ವಾರ ಇಟ್ಟುಕೊಂಡು ನೋಡಿದ. ಅಲ್ಲಿ ಶುಕ್ರವಾರವೂ ಸಾಧು ಹಸುವಿನ ಹಾಗೆ ಹೇಳಿದ ಮಾತು ಕೇಳಿತು. ಮನೆಗೆ ಹೋದದ್ದೇ ತಡ, ಮತ್ತೆ ಅದೇ ರಾಗ. ಬೀದಿಯವರೆಲ್ಲ ನಗತೊಡಗಿದಾಗ ಅವನು ಕುದಿದುಹೋದ. ಮುಂದಿನ ಶುಕ್ರವಾರ ಬೆಳಗಾಗುತ್ತಲೇ ಸಿಸ್ಟರಮ್ಮನ ಮನೆಗೇ ಬಂದು ಬಾನೆಟ್ ಎತ್ತಿದ.

ಎಂಜಿನ್ ಮೇಲೆ ಒದ್ದೆ ಕುಂಕುಮ, ತುಳಸಿ ಎಲೆ. ಪ್ಲಗ್ಗುಗಳಿಗೆ ಕರೆಂಟ್ ಹಂಚುವ ಡಬ್ಬಿಯೊಳಗೆಲ್ಲ ನೀರು.

“ಇದೇನಮ್ಮಾ?”

“ಪೂಜೆ ಕಣಪ್ಪ. ಶುಕ್ರವಾರ ಸ್ನಾನ ಮಾಡಿದ ಕೂಡಲೇ ಎಂಜಿನ್ನಿಗೆ ಒಂದು ಚೊಂಬು ತೀರ್ಥ ಹಾಕ್ತೀನಿ.”

ಅವನಿಗೆ ಪಿತ್ತ ನೆತ್ತಿಗೇರಿತು. “ಇಷ್ಟು ಒದ್ದೆ ಮಾಡಿದ್ರೆ ಕಿಡಿ ಎಲ್ಲಿಂದ ಹಾರುತ್ತೆ ತಾಯಿ? ನಿಮಗೆ ಈ ಬುದ್ಧಿ ಹೇಳಿಕೊಟ್ಟ ಮಹಾನುಭಾವ ಯಾರು? ಕರೆಸಿ ಅವನನ್ನ, ಅವನ ತಲೆ ಮೇಲೇ ಒಂದು ಕೊಡ ನೀರು ಸುರೀತೀನಿ!”

ಸಿಸ್ಟರಮ್ಮ ಖಾಲಿ ಚೊಂಬನ್ನು ಅವನ ಕೈಗಿಟ್ಟು, ಅಂಗಳದ ನಲ್ಲಿ ತೋರಿಸಿದರು.

“ಸುರ್ಕೊಳ್ಳಪ್ಪ. ಆಯುಧಪೂಜೆ ದಿನ ಗಾಡಿ ನಿಂತುಹೋಯ್ತು ಅಂತ ಬಂದ್ರೆ, ‘ಇದಕ್ಕೆ ದೃಷ್ಟಿ ತಾಗಿದೆ, ಶುಕ್ರವಾರ ಶುಕ್ರವಾರ ಎಂಜಿನ್ನಿಗೇ ತೀರ್ಥ ಹಾಕಿ’ ಅಂತ ಹೇಳಿ ಕಳಿಸಿದವನು ನೀನೇ ಅಲ್ವಾ?”