ಮಿಣುಕದ ಕೆಂಪು ದೀಪ

ಬಿಸಿಯಾದ ದೂಳಿನ ವಾಸನೆ ಈಗಲೂ ಮೂಗಿಗೆ ಬಡಿದರೆ ರಾಯದುರ್ಗದ ನಮ್ಮ ಮನೆಯ ಆ ಮಧ್ಯಾಹ್ನ ಎದುರಿಗೆ ಬಂದು ನಿಲ್ಲುತ್ತದೆ.

ಅಕ್ಕ ಮನೆ ಬಿಟ್ಟು ಹೋಗಿ ಕೆಲವು ದಿನಗಳಾಗಿದ್ದವು. ಎಲ್ಲಿಗೆಂದು ಕೇಳಿದರೆ ಯಾರೂ ಬಾಯಿ ಬಿಡುತ್ತಿರಲಿಲ್ಲ. ಗೋಡೆಯಿಂದ ಅವಳ ಫೋಟೊ ಇಳಿಸಿದ್ದ ಅಪ್ಪ, ಆವತ್ತು ಕಂಪ್ಯೂಟರ್ ರಿಪೇರಿಯವನನ್ನು ಕರೆತಂದರು. ಕೆಟ್ಟೇ ಇಲ್ಲದ್ದಕ್ಕೆ ಎಂಥ ರಿಪೇರಿಯೋ, ನನಗೆ ತಿಳಿಯಲಿಲ್ಲ.

ಅವನು ಹಿಂದಿನ ವೈರುಗಳನ್ನೆಲ್ಲ ಕಿತ್ತು, ಸಿಪಿಯು ಡಬ್ಬದ ಪಕ್ಕದ ತಗಡು ಬಿಚ್ಚಿದ. ಒಳಗೆ ಅಕ್ಕನ ಫೋಟೊಗಳಿರುತ್ತವೆಂದು ನಾನು ಇಣುಕಿದೆ. ಒಂದು ಫ್ಯಾನು, ಹಸಿರು ಹಲಗೆ, ಹತ್ತಿಯಂತೆ ಮೆತ್ತಿಕೊಂಡ ದೂಳು, ಅಷ್ಟೇ.

"ಫೋಟೊ ಎಲ್ಲಾ ಇದರಾಗ ಅದಾವ್ರಿ," ಎಂದು ಅವನು ಅಂಗೈಯಗಲದ ಹಾರ್ಡ್ ಡಿಸ್ಕ್ ತೆಗೆದುಕೊಟ್ಟ. ಅಪ್ಪ ಅದನ್ನು ಜೇಬಿಗಿಳಿಸಿದರು.

"ಇನ್ನ ಇದು ಹತ್ತಂಗಿಲ್ಲೇನಪಾ?" ಅವ್ವ ಬಾಗಿಲ ಬಳಿಯಿಂದ ಕೇಳಿದಳು.

"ಲೈಟ್ ಹತ್ತತೈತ್ರಿ, ಫ್ಯಾನೂ ತಿರಗತೈತ್ರಿ. ಅಷ್ಟ," ಎನ್ನುತ್ತ ಅವನು ವೈರುಗಳನ್ನು ಮತ್ತೆ ಸಿಕ್ಕಿಸಿದ.

ಇಬ್ಬರೂ ಹೊರಗೆ ಹೋದ ಮೇಲೆ ಅವ್ವ ಗುಂಡಿ ಒತ್ತಿದಳು. ಹಸಿರು ದೀಪ ಹತ್ತಿತು. ಪಕ್ಕದ ಕೆಂಪು ದೀಪ ಮಿಣುಕಲಿಲ್ಲ. "ಕೆಂಪು ಮಿಣುಕಿದ್ರ ಅದು ಏನೋ ನೆನಪು ಮಾಡ್ಕೊಳ್ಳಾಕತ್ತೈತಿ," ಎಂದು ಅಕ್ಕ ಹೇಳಿಕೊಟ್ಟಿದ್ದಳು.

"ಯಾಕವ್ವ, ಕೆಂಪು ಹತ್ತವಲ್ದು?"

ಅವ್ವ ಸೆರಗಿನಿಂದ ಡಬ್ಬದ ದೂಳು ಒರೆಸತೊಡಗಿದಳು. ಆಯುಧಪೂಜೆಯ ದಿನ ಅಕ್ಕ ಅದಕ್ಕೆ ಇಟ್ಟಿದ್ದ ಕುಂಕುಮದ ಬೊಟ್ಟು ಇನ್ನೂ ಇತ್ತು. ಸೆರಗು ಅದೊಂದನ್ನು ಬಿಟ್ಟು ಸುತ್ತಲೂ ಒರೆಸಿತು.